‘ಬೇರೆ ಮದ್ದು ಉಂಟಾ’ ಎಂದು ಕೇಳಿದರೆ ಸಾಲದು

ಮಾನ್ಯ ಸಂಪಾದಕರೇ,

ಮನಸ್ಸನ್ನು ಹಗುರ ಮಾಡುತ್ತದೆ, ನಿದ್ದೆ ಬರಿಸುತ್ತದೆ, ಚಿಂತೆ ಕಡಿಮೆ ಮಾಡುತ್ತದೆ ಎಂದು ಹೇಳಿ ಮಾರುವ ಪೂರಕ ಗುಳಿಗೆಗಳ ಡಬ್ಬಿಗಳು ಈಗ ಕಾಸರಗೋಡಿನ ಒಳನಾಡಿನ ಮನೆಗಳನ್ನೂ ತಲುಪಿವೆ. ಪೇಟೆಯ ಮೆಡಿಕಲ್‌ನಿಂದ ತಂದವು ಕೆಲವು, ಕೊರಿಯರ್‌ನಲ್ಲಿ ಬಂದವು ಕೆಲವು, ನೆಂಟರಿಷ್ಟರೇ ಸರಪಳಿ ವ್ಯಾಪಾರದ ಸದಸ್ಯರಾಗಿ ಮನೆಬಾಗಿಲಿಗೆ ತಂದುಕೊಟ್ಟವು ಹಲವು. ಇವನ್ನು ಯಾರೂ ಮುಟ್ಟಲೇಬಾರದೆಂದು ಹೇಳುವ ಉದ್ದೇಶ ನನಗಿಲ್ಲ. ಆದರೆ ಕಳೆದ ವರ್ಷ ನಮ್ಮ ಕುಟುಂಬದಲ್ಲಿ ನಡೆದ ಒಂದು ಘಟನೆಯ ಬಳಿಕ, ಡಬ್ಬಿಯೊಳಗೆ ಏನಿದೆ ಎಂಬುದರಷ್ಟೇ, ಆ ಡಬ್ಬಿಯ ವಿಷಯವನ್ನು ನಾವು ಡಾಕ್ಟರಿಗೆ ಹೇಳುತ್ತೇವೆಯೇ ಇಲ್ಲವೇ ಎಂಬುದೂ ಜೀವಕ್ಕೆ ಸಂಬಂಧಿಸಿದ ಪ್ರಶ್ನೆಯೆಂದು ನನಗೆ ಮನದಟ್ಟಾಗಿದೆ. ಅದನ್ನು ನಿಮ್ಮ ಓದುಗರ ಮುಂದೆ ಸ್ವಲ್ಪ ವಿವರವಾಗಿಯೇ ಇಡಲು ಅನುಮತಿ ಕೋರುತ್ತೇನೆ.

ನನ್ನ ತಂಗಿಗೆ ಗಂಡ ತೀರಿಕೊಂಡ ಮೇಲೆ ಊಟ, ನಿದ್ದೆ ಎರಡೂ ತಪ್ಪಿಹೋಯಿತು. ಅಡಕೆ ಸುಲಿಯುವವರು ಬಂದು ಅಂಗಳದಲ್ಲಿ ಕುಳಿತರೂ ಹೊರಗೆ ಬಂದು ಮಾತನಾಡಿಸದಷ್ಟು ಅವಳು ಕುಗ್ಗಿಹೋದಾಗ, ಮಗ ಅವಳನ್ನು ಮಂಗಳೂರಿಗೆ ಕರೆದೊಯ್ದು ಮನೋವೈದ್ಯರಿಗೆ ತೋರಿಸಿದ. ಅವರು ಎಸಿಟಾಲೋಪ್ರಾಮ್ ಎಂಬ ಗುಳಿಗೆಯನ್ನು ದಿನಕ್ಕೆ ಒಂದರಂತೆ ಬರೆದುಕೊಟ್ಟರು. ಪರಿಣಾಮ ಕಾಣಲು ಕೆಲವು ವಾರಗಳು ಹಿಡಿಯುತ್ತವೆ, ಅವಸರಪಡಬಾರದು ಎಂದೂ ಹೇಳಿದರು. ಹತ್ತು ದಿನ ಕಳೆದರೂ ಗುಣ ಕಾಣಲಿಲ್ಲವೆಂದು ಅವಳು ಬೇಸರಿಸಿಕೊಂಡಿದ್ದ ಹೊತ್ತಿನಲ್ಲಿ, ನಮ್ಮದೇ ಬಳಗದವರೊಬ್ಬರು ಒಂದು ಬಿಳಿ ಡಬ್ಬಿ ತಂದುಕೊಟ್ಟರು. ಅವರ ಮನಸ್ಸಿನಲ್ಲಿ ಕೆಡುಕಿರಲಿಲ್ಲ, ಅದನ್ನು ಈಗಲೂ ಹೇಳುತ್ತೇನೆ. ‘ಇದು ಇಂಗ್ಲಿಷ್ ಮದ್ದಲ್ಲ, ಒಂದು ಗಿಡದ ಬೀಜದಿಂದ ಮಾಡಿದ್ದು, ಬರೀ ಆಹಾರ’ ಎಂದರು. ಅವಳು ದಿನಕ್ಕೆ ಒಂದರಂತೆ ತೆಗೆದುಕೊಂಡಳು. ಮೂರನೆಯ ದಿನ, ಅದೇ ಆಪ್ತರ ಸಲಹೆಯಂತೆ, ಎರಡು ಮಾಡಿದಳು.

ಆ ರಾತ್ರಿ ಹನ್ನೊಂದರ ಹೊತ್ತಿಗೆ ಸೊಸೆ ನನಗೆ ಫೋನ್ ಮಾಡಿದಳು. ನಾನು ಹೋಗಿ ನೋಡುವಾಗ ತಂಗಿ ಕುಳಿತಲ್ಲಿ ಕುಳಿತುಕೊಳ್ಳಲಾರಳು, ನಿಂತಲ್ಲಿ ನಿಲ್ಲಲಾರಳು. ರವಿಕೆ ಬೆವರಿನಿಂದ ತೊಯ್ದಿತ್ತು. ನೀರು ಕುಡಿಯಲೆಂದು ಎತ್ತಿದ ಸ್ಟೀಲಿನ ಲೋಟ ಅವಳ ಹಲ್ಲಿಗೆ ಟಣಟಣ ಬಡಿಯುತ್ತಿತ್ತು. ಅರ್ಧ ನೀರು ಮಡಿಲಿಗೆ ಚೆಲ್ಲಿತು. ಸಂಜೆಯಿಂದ ನಾಲ್ಕೈದು ಸಲ ಭೇದಿಯಾಗಿತ್ತು. ಎದೆ ಡವಡವ ಹೊಡೆಯುತ್ತದೆ ಅಕ್ಕಾ ಎಂದಳು. ಗಾಳಿ ಸೋಕಿದೆ ಎಂದವರೂ ಇದ್ದರು, ದುಃಖ ತಲೆಗೇರಿದೆ ಎಂದವರೂ ಇದ್ದರು. ಕುಂಬಳೆಗೆ ಇಳಿದು, ತಲಪಾಡಿ ದಾಟಿ, ಮಂಗಳೂರಿನ ಆಸ್ಪತ್ರೆಯೊಂದನ್ನು ತಲುಪಿದಾಗ ನಡುರಾತ್ರಿ ಕಳೆದಿತ್ತು.

ಅಲ್ಲಿ ಮೊದಲು ಕೇಳಿದ ಪ್ರಶ್ನೆ, ‘ಈ ಗುಳಿಗೆಯಲ್ಲದೆ ಬೇರೆ ಮದ್ದು ಏನಾದರೂ ಉಂಟಾ?’ ಎಂಬುದು. ಇಲ್ಲವೆಂದು ತಂಗಿ ಹೇಳಿದಳು, ಇಲ್ಲವೆಂದು ಮಗನೂ ಹೇಳಿದ, ಇಲ್ಲವೆಂದು ನಾನೂ ತಲೆಯಾಡಿಸಿದೆ. ನಮ್ಮಲ್ಲಿ ಯಾರೂ ಸುಳ್ಳು ಹೇಳಲಿಲ್ಲ. ಆ ಡಬ್ಬಿ ಮದ್ದಲ್ಲ ಎಂದು ಕೊಟ್ಟವರು ಹೇಳಿದ್ದರು. ನಾವು ಹಾಗೆಯೇ ನಂಬಿದ್ದೆವು. ಬಳಿಕ ಬಂದ ಕಿರಿಯ ವೈದ್ಯೆಯೊಬ್ಬರು ತಂಗಿಯ ಪಾದವನ್ನು ಹಿಡಿದು ಬೆರಳುಗಳ ಕಡೆಯಿಂದ ಮೇಲಕ್ಕೆ ಚಟ್ಟನೆ ಒತ್ತಿ ಹಿಡಿದರು. ಪಾದ ಅವರ ಅಂಗೈಯಲ್ಲೇ ತನ್ನಷ್ಟಕ್ಕೆ ಪಟಪಟನೆ ಅದುರತೊಡಗಿತು, ನಿಲ್ಲಲಿಲ್ಲ. ಅವರ ಮುಖ ಗಂಭೀರವಾಯಿತು. ‘ಮದ್ದು ಬೇಡಮ್ಮಾ, ಮದ್ದಿನ ಮಾತು ಬಿಡಿ. ಪುಡಿ, ಕಷಾಯ, ಟಾನಿಕ್, ನಿದ್ದೆಗೆಂದು, ಶಕ್ತಿಗೆಂದು ಬಾಯಿಗೆ ಹಾಕಿಕೊಳ್ಳುವುದು ಬೇರೆ ಏನಾದರೂ?’ ಎಂದು ಅವರು ಕೇಳಿದಾಗ ಸೊಸೆಗೆ ಫ್ರಿಜ್ಜಿನ ಮೇಲಿದ್ದ ಡಬ್ಬಿಯ ನೆನಪಾಯಿತು. ಮನೆಯಲ್ಲಿದ್ದ ಮೊಮ್ಮಗಳು ಅದರ ಚೀಟಿಯ ಫೋಟೋ ತೆಗೆದು ಕಳುಹಿಸಿದಳು. 5-ಎಚ್‌ಟಿಪಿ ಎಂದಿತ್ತು. ಎರಡನ್ನೂ ನಿಲ್ಲಿಸಿ, ಸಲೈನ್ ಮತ್ತು ನಡುಕ ತಗ್ಗಿಸುವ ಮದ್ದು ಕೊಟ್ಟು, ಎರಡು ದಿನ ನಿಗಾದಲ್ಲಿಟ್ಟು ಕಳುಹಿಸಿದರು. ತಂಗಿ ಉಳಿದಳು. ಅವಳ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ.

ಆದದ್ದೇನೆಂದು ಅನಂತರ ಕೇಳಿ, ಓದಿ ತಿಳಿದುಕೊಂಡೆ. ನಾವು ತಿನ್ನುವ ಬೇಳೆ, ಹಾಲು, ಬೀಜಗಳಲ್ಲಿರುವ ಟ್ರಿಪ್ಟೋಫಾನ್ ಎಂಬ ಅಂಶವನ್ನು ದೇಹವು ಮೊದಲು 5-ಎಚ್‌ಟಿಪಿಯಾಗಿ, ಬಳಿಕ ಮನಸ್ಸು, ನಿದ್ದೆಗಳ ಮೇಲೆ ಪ್ರಭಾವ ಬೀರುವ ಸೆರೊಟೋನಿನ್ ಎಂಬ ರಾಸಾಯನಿಕವಾಗಿ ಮಾರ್ಪಡಿಸುತ್ತದೆ. ಆ ನಡುವಿನ ವಸ್ತುವನ್ನೇ ಪಶ್ಚಿಮ ಆಫ್ರಿಕಾದ ಗ್ರಿಫೋನಿಯ ಎಂಬ ಬಳ್ಳಿಯ ಬೀಜದಿಂದ ತೆಗೆದು ಗುಳಿಗೆ ಮಾಡುತ್ತಾರೆ. ಆದ್ದರಿಂದ ‘ಗಿಡದ ಬೀಜದಿಂದ ಮಾಡಿದ್ದು’ ಎಂದದ್ದು ನಿಜವೇ. ಅತ್ತ ಎಸಿಟಾಲೋಪ್ರಾಮ್, ಸರ್ಟ್ರಲೀನ್, ಫ್ಲುವಾಕ್ಸೆಟಿನ್ ಮುಂತಾದ ಗುಳಿಗೆಗಳು ನರಕೋಶ ಹೊರಬಿಟ್ಟ ಸೆರೊಟೋನಿನ್ ಮತ್ತೆ ಒಳಗೆ ಹೀರಿಹೋಗದಂತೆ ತಡೆಯುತ್ತವೆ. ಅಡಕೆ ತೋಟದಲ್ಲಿ ಒಂದು ಕಡೆಯಿಂದ ನೀರು ಬಿಡುತ್ತಾ ಇನ್ನೊಂದು ಕಡೆ ಕಣಿಗೆ ಮಣ್ಣು ಹಾಕಿ ಕಟ್ಟಿದರೆ ಏನಾಗುತ್ತದೆಯೋ ಅದೇ ಇಲ್ಲಿಯೂ ಆಗುತ್ತದೆ. ಸೆರೊಟೋನಿನ್ ಮಿತಿಮೀರಿದಾಗ ಚಡಪಡಿಕೆ, ನಡುಕ, ಬೆವರು, ಭೇದಿ, ಎದೆಬಡಿತ ಕಾಣಿಸಿಕೊಳ್ಳುತ್ತವೆ. ಇನ್ನೂ ಏರಿದರೆ ಸ್ನಾಯುಗಳು ಸೆಟೆದು, ಜ್ವರ ವಿಪರೀತವಾಗಿ, ಪ್ರಾಣಕ್ಕೇ ಸಂಚಕಾರ ಬರಬಹುದು. ಹೆಚ್ಚಿನ ಸಂದರ್ಭಗಳಲ್ಲಿ ಹೊಸದನ್ನು ಸೇರಿಸಿದ ಅಥವಾ ಪ್ರಮಾಣ ಏರಿಸಿದ 24 ಗಂಟೆಗಳೊಳಗೇ ಇದು ತಲೆದೋರುತ್ತದೆ. ಹೀಗಾದಾಗ ಬೆಳಗಾಗಲಿ ಎಂದು ಕಾಯಬಾರದು.

ನನಗೆ ಹೆಚ್ಚು ಗಾಬರಿ ಹುಟ್ಟಿಸಿದ್ದು ಇನ್ನೊಂದು ಸಂಗತಿ. ಸೊಂಟನೋವಿಗೆ ಕೊಡುವ ಟ್ರಮಡಾಲ್, ಒಣಕೆಮ್ಮಿನ ಅನೇಕ ಸಿರಪ್‌ಗಳಲ್ಲಿರುವ ಡೆಕ್ಸ್‌ಟ್ರೊಮೆಥಾರ್ಫಾನ್, ಲಿನೆಜೋಲಿಡ್ ಎಂಬ ಆಂಟಿಬಯಾಟಿಕ್, ಮೈಗ್ರೇನ್ ತಲೆನೋವಿನ ಕೆಲವು ಗುಳಿಗೆಗಳು ಇವೆಲ್ಲವೂ, ಅಂತಹ ಗುಳಿಗೆಯ ಜೊತೆ ಸೇರಿದರೆ ಸೆರೊಟೋನಿನ್ ಮಿತಿಮೀರಿಸಬಲ್ಲ ಇದೇ ಸಾಲಿಗೆ ಸೇರುತ್ತವೆ. ಮಳೆಗಾಲದಲ್ಲಿ ಕೆಮ್ಮಿನ ಸಿರಪ್ ಇಲ್ಲದ ಮನೆ ನಮ್ಮ ಊರಿನಲ್ಲಿ ಯಾವುದಿದೆ? ಫ್ಲುವಾಕ್ಸೆಟಿನ್ ನಿಲ್ಲಿಸಿದ ಮೇಲೂ ಅದರ ಅಂಶ ವಾರಗಟ್ಟಲೆ ದೇಹದಲ್ಲಿ ಉಳಿಯುವುದರಿಂದ, ‘ಆ ಗುಳಿಗೆ ಬಿಟ್ಟು ಹತ್ತು ದಿನವಾಯಿತಲ್ಲ’ ಎಂಬ ಧೈರ್ಯವೂ ಸಲ್ಲದು. ಹಾಗೆಂದು ಯಾರೂ ಈ ಪತ್ರ ಓದಿ ಮನೋವೈದ್ಯರು ಕೊಟ್ಟ ಗುಳಿಗೆಯನ್ನು ತಾವಾಗಿ ನಿಲ್ಲಿಸಬಾರದೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಥಟ್ಟನೆ ನಿಲ್ಲಿಸಿದರೆ ತಲೆಸುತ್ತು, ಸಿಡುಕು, ನಿದ್ದೆಗೇಡು ಬರುತ್ತವೆ, ಮೂಲ ಕಾಯಿಲೆಯೂ ಮರಳಬಹುದು. ಬಿಡಬೇಕಾದದ್ದು ಯಾವುದು, ಹೇಗೆ ಎಂಬುದನ್ನು ಗುಳಿಗೆ ಬರೆದ ವೈದ್ಯರೇ ಹೇಳಬೇಕು.

ಗಿಡಮೂಲಿಕೆ ಎಂದಾಕ್ಷಣ ನಿರಪಾಯವೆಂದು ನಂಬುವ ಮಾತಿಗೆ ನಮ್ಮ ಜಿಲ್ಲೆಯವರು ತಲೆದೂಗಬಾರದು. ಕಾಸರಗೋಡು ಎಂಬ ಹೆಸರೇ ಕಾಸರಕ ಮರದಿಂದ ಬಂದದ್ದೆಂದು ಹೇಳುವವರಿದ್ದಾರೆ. ಆ ಮರದ ಬೀಜದಲ್ಲಿ ಸ್ಟ್ರಿಕ್ನೀನ್ ಎಂಬ ಘೋರ ವಿಷವಿದೆ. ಅದೇ ಬೀಜವನ್ನು ಬಲ್ಲ ವೈದ್ಯರು ಶುದ್ಧಿಮಾಡಿ, ಅಳತೆಯಿಟ್ಟು ಮದ್ದಾಗಿಸುತ್ತಾರೆ. ಅಳತೆ ಮತ್ತು ತಿಳಿವಳಿಕೆ ಇಲ್ಲದೆ ಅದನ್ನು ಮುಟ್ಟಬಾರದೆಂದು ನಮ್ಮ ಅಜ್ಜಿಯಂದಿರಿಗೆ ಗೊತ್ತಿತ್ತು.

ಅಶ್ವಗಂಧದ ವಿಷಯವನ್ನೇ ನೋಡಿ. ನಮ್ಮವರು ಹಿರೇಮದ್ದು ಎಂದೇ ಕರೆದ ಬೇರು ಅದು. ನಾಡಿ ನೋಡಿ, ದೇಹಪ್ರಕೃತಿ ವಿಚಾರಿಸಿ, ಇಂತಿಷ್ಟು ದಿನ ಹಾಲಿನಲ್ಲಿ ತೆಗೆದುಕೊಳ್ಳಿ ಎನ್ನುವ ವೈದ್ಯರ ಬಳಿ ಅದು ಒಂದು ರೀತಿ; ಅದರ ಸಾರವನ್ನು ಗಟ್ಟಿಗೊಳಿಸಿ, ಗುಳಿಗೆಯೊಳಗೆ ತುಂಬಿ, ಯಾರು ಬೇಕಾದರೂ ಎಷ್ಟು ತಿಂಗಳು ಬೇಕಾದರೂ ತಿನ್ನಬಹುದೆಂಬಂತೆ ಮಾರುವಾಗ ಅದು ಬೇರೆಯೇ ರೀತಿ. ಅದು ಥೈರಾಯ್ಡ್ ಹಾರ್ಮೋನನ್ನು ಏರಿಸಬಲ್ಲದು. ಥೈರಾಯ್ಡ್ ಗುಳಿಗೆ ತಿನ್ನುವವರು ನಮ್ಮಲ್ಲಿ, ಮುಖ್ಯವಾಗಿ ಹೆಂಗಸರಲ್ಲಿ, ಬಹಳ ಮಂದಿ ಇದ್ದಾರೆ. ನಿದ್ದೆ ಗುಳಿಗೆಯ ಜೊತೆ ಸೇರಿದರೆ ಮಂಪರು ಹೆಚ್ಚುತ್ತದೆ. ಯಕೃತ್ತಿಗೆ ಹಾನಿಯಾಗಿ ಕಾಮಾಲೆ ಕಾಣಿಸಿಕೊಂಡ ಪ್ರಕರಣಗಳು ಅಪರೂಪವಾದರೂ ಭಾರತವೂ ಸೇರಿದಂತೆ ಹಲವು ದೇಶಗಳಿಂದ ವರದಿಯಾಗಿವೆ. ಗರ್ಭಿಣಿಯರು ತೆಗೆದುಕೊಳ್ಳಬಾರದು. ಡೆನ್ಮಾರ್ಕ್ ದೇಶ 2023ರಲ್ಲಿ ಇದನ್ನು ನಿಷೇಧಿಸಿತು. ಆ ನಿರ್ಧಾರ ಅತಿಯಾಯಿತೆಂದು ವಾದಿಸುವವರಿದ್ದಾರೆ, ಆ ಚರ್ಚೆಗೆ ನಾನು ಹೋಗುವುದಿಲ್ಲ. ಚರ್ಚೆಗೆ ಎಡೆಯಿದೆ ಎಂಬುದನ್ನಾದರೂ ಕೊಳ್ಳುವವರಿಗೆ ತಿಳಿಸಬೇಕಲ್ಲವೇ?

ಸೇಂಟ್ ಜಾನ್ಸ್ ವರ್ಟ್ ಎಂಬ ಯುರೋಪಿನ ಹಳದಿ ಹೂವಿನ ಗಿಡದ ಗುಳಿಗೆಗಳೂ ಆನ್‌ಲೈನಿನಲ್ಲಿ ಸಿಗುತ್ತವೆ. ಸೌಮ್ಯ ಖಿನ್ನತೆಗೆ ಅದರಿಂದ ಪ್ರಯೋಜನವಿದೆಯೆಂದು ಅಧ್ಯಯನಗಳು ಹೇಳುವುದು ನಿಜ. ಆದರೆ ಅದು ಯಕೃತ್ತಿನ ಕೆಲಸವನ್ನು ಚುರುಕುಗೊಳಿಸಿ, ನಾವು ತಿನ್ನುವ ಬೇರೆ ಮದ್ದುಗಳು ಬೇಗನೆ ಕರಗಿಹೋಗುವಂತೆ ಮಾಡುತ್ತದೆ. ಗರ್ಭನಿರೋಧಕ ಗುಳಿಗೆ, ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್, ಕಿಡ್ನಿ ಕಸಿ ಮಾಡಿಸಿಕೊಂಡವರ ಸೈಕ್ಲೋಸ್ಪೋರಿನ್, ಎಚ್‌ಐವಿ ಮದ್ದುಗಳಲ್ಲಿ ಹಲವು ಇವೆಲ್ಲದರ ಬಲ ಅದರಿಂದ ಕುಗ್ಗುತ್ತದೆ. ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ 2000ದಲ್ಲೇ ಈ ಬಗ್ಗೆ ಎಚ್ಚರಿಕೆ ನೀಡಿತ್ತು. ಶುದ್ಧತೆಯ ಪ್ರಶ್ನೆಯೂ ಹಳೆಯದೇ: 1989ರಲ್ಲಿ ಒಬ್ಬ ತಯಾರಕರ ಟ್ರಿಪ್ಟೋಫಾನ್ ಪೂರಕದಲ್ಲಿ ಸೇರಿಕೊಂಡ ಕಲ್ಮಶದಿಂದ ಅಮೆರಿಕದಲ್ಲಿ 1,500ಕ್ಕೂ ಹೆಚ್ಚು ಮಂದಿ ತೀವ್ರ ಸ್ನಾಯುನೋವಿನ ಕಾಯಿಲೆಗೆ ತುತ್ತಾದರು, 30ಕ್ಕೂ ಹೆಚ್ಚು ಜನ ಸತ್ತರು.

ವಿದೇಶದ ಗಿಡಗಳ ಮಾತು ಬಿಟ್ಟು ನಮ್ಮ ಮನೆಗಳ ಕಪಾಟನ್ನೇ ತೆರೆದರೆ ಅಲ್ಲಿ 60,000 ಯೂನಿಟ್‌ನ ವಿಟಮಿನ್ ಡಿ ಸಿಗುತ್ತದೆ. ವೈದ್ಯರು ಇದನ್ನು ಸಾಮಾನ್ಯವಾಗಿ ವಾರಕ್ಕೆ ಒಂದರಂತೆ, ಕೆಲವು ವಾರಗಳ ಮಟ್ಟಿಗೆ ಬರೆಯುತ್ತಾರೆ. ದಿನಕ್ಕೆ ಒಂದೆಂದು ತಪ್ಪು ತಿಳಿದು ನುಂಗುವವರೂ, ಎಂಟು ವಾರ ಮುಗಿದರೂ ಅದೇ ಹಳೆಯ ಚೀಟಿ ತೋರಿಸಿ ತಿಂಗಳುಗಟ್ಟಲೆ ತರಿಸುವವರೂ ಇದ್ದಾರೆ. ಮಿತಿಮೀರಿದ ವಿಟಮಿನ್ ಡಿ ರಕ್ತದಲ್ಲಿ ಕ್ಯಾಲ್ಸಿಯಂ ಏರಿಸುತ್ತದೆ. ಆಗ ವಾಕರಿಕೆ, ಮಲಬದ್ಧತೆ, ವಿಪರೀತ ದಾಹ, ಪದೇ ಪದೇ ಮೂತ್ರ ಬರುವುದು, ಕೊನೆಗೆ ಕಿಡ್ನಿಗೆ ಪೆಟ್ಟು. ಇದರ ನಡುವೆ ಸುಸ್ತು, ಮಂಕು, ಮನಸ್ಸಿನ ಕುಗ್ಗುವಿಕೆಯೂ ಬರುವುದರಿಂದ, ಯಾವುದಕ್ಕಾಗಿ ತಿನ್ನತೊಡಗಿದರೋ ಅದೇ ಹೆಚ್ಚಾಯಿತೆಂದು ಇನ್ನಷ್ಟು ತಿನ್ನುವ ಅಪಾಯವಿದೆ. ನಮ್ಮ ಮನೆಯಲ್ಲಿ ಈಗ ಗೋಡೆಯ ಕ್ಯಾಲೆಂಡರಿನಲ್ಲಿ, ಏಕಾದಶಿ, ಸಂಕಷ್ಟಿಗಳನ್ನು ಗುರುತಿಸಿದಂತೆಯೇ, ಆ ಗುಳಿಗೆಯ ಭಾನುವಾರಗಳನ್ನು ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ, ಕೊನೆಯ ಭಾನುವಾರದ ಕೆಳಗೆ ‘ಮುಗಿಯಿತು’ ಎಂದು ಮೊದಲೇ ಬರೆದಿಟ್ಟಿದ್ದೇವೆ.

ಕೊರತೆಯಿದ್ದವರಿಗೆ ಪೂರಕವೇ ಸರಿಯಾದ ಚಿಕಿತ್ಸೆಯೆಂಬುದನ್ನು ಮರೆಯಬಾರದು. ಮೀನು, ಮೊಟ್ಟೆ ತಿನ್ನದ ನಮ್ಮಂತಹ ಮನೆಗಳಲ್ಲಿ, ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗುವವರಲ್ಲಿ, ಬಿ12 ಕಡಿಮೆಯಾಗಿ ಮರೆವು, ಜೋಮು, ಮನಸ್ಸಿನ ಮಂಕು ಬರುವುದುಂಟು. ಥೈರಾಯ್ಡ್ ಕಡಿಮೆಯಾದರೂ, ರಕ್ತಹೀನತೆಯಿದ್ದರೂ ಹಾಗೆಯೇ ಆಗಬಹುದು. ಒಂದು ರಕ್ತಪರೀಕ್ಷೆಯಿಂದ ತಿಳಿಯುವ ಸಂಗತಿಗೆ ಸಾವಿರಾರು ರೂಪಾಯಿಯ ಡಬ್ಬಿ ಏಕೆ? ಪರೀಕ್ಷೆಯ ಬಳಿಕ ತೆಗೆದುಕೊಳ್ಳುವುದಾದರೂ ಒಂದು ಸಲಕ್ಕೆ ಒಂದನ್ನೇ, ಆರಂಭಿಸಿದ ತಾರೀಕು ಬರೆದಿಟ್ಟು ತೆಗೆದುಕೊಂಡರೆ, ಏನಾದರೂ ಏರುಪೇರಾದಾಗ ಕಾರಣ ಹುಡುಕಲು ಸುಲಭ. ಕಬ್ಬಿಣದ ಮತ್ತು ಕ್ಯಾಲ್ಸಿಯಂ ಗುಳಿಗೆಗಳು ಥೈರಾಯ್ಡ್ ಗುಳಿಗೆಯಿಂದ ನಾಲ್ಕು ಗಂಟೆಯಾದರೂ ದೂರವಿರಬೇಕು. ಕಿಡ್ನಿಯ ತೊಂದರೆಯಿದ್ದವರು ಮೆಗ್ನೀಸಿಯಂ ಮುಟ್ಟುವ ಮೊದಲು ಕೇಳಲೇಬೇಕು. ಅತಿಯಾದ ಉತ್ಸಾಹ ಮತ್ತು ಅತಿಯಾದ ಕುಗ್ಗುವಿಕೆ ಸರದಿಯಂತೆ ಬರುವ ಬೈಪೋಲಾರ್ ಕಾಯಿಲೆ ಇದ್ದವರಿಗೆ, ಮನಸ್ಸನ್ನು ಎತ್ತುವ ಇಂತಹ ಕೆಲವು ಗುಳಿಗೆಗಳು ಉನ್ಮಾದವನ್ನೇ ಕೆರಳಿಸಬಹುದು. ಶಸ್ತ್ರಚಿಕಿತ್ಸೆ ನಿಗದಿಯಾಗಿದ್ದರೆ ಅರಿವಳಿಕೆ ಕೊಡುವ ವೈದ್ಯರಿಗೆ ವಾರಗಳ ಮೊದಲೇ ತಿಳಿಸಬೇಕು.

ಡಬ್ಬಿಯ ಮೇಲೆ ಕಾಣುವ ಎಫ್‌ಎಸ್‌ಎಸ್‌ಎಐ (ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ) ಎಂಬ ಗುರುತನ್ನೂ 14 ಅಂಕಿಗಳ ಸಂಖ್ಯೆಯನ್ನೂ ತೋರಿಸಿ ‘ಸರಕಾರವೇ ಒಪ್ಪಿದ ಮದ್ದು’ ಎನ್ನುವವರಿದ್ದಾರೆ. ಅದು ಆಹಾರ ತಯಾರಿಸುವ ಪರವಾನಗಿಯ ಸಂಖ್ಯೆ. ಬಿಸ್ಕತ್ತಿನ ಪೊಟ್ಟಣದ ಮೇಲೆಯೂ ಅದು ಇರುತ್ತದೆ. ಪೂರಕಗಳ ಕುರಿತ 2016ರ ನಿಯಮಗಳ ಪ್ರಕಾರ ‘ಔಷಧವಾಗಿ ಬಳಸುವುದಕ್ಕಲ್ಲ’ ಎಂಬ ಮಾತನ್ನು ಚೀಟಿಯ ಮೇಲೆ ಅಚ್ಚು ಹಾಕಲೇಬೇಕು. ತಂಗಿಯ ಡಬ್ಬಿಯ ಮೇಲೆಯೂ ಆ ಮಾತಿತ್ತು, ಇಂಗ್ಲಿಷಿನಲ್ಲಿ, ಸಾಸಿವೆಯಷ್ಟು ಗಾತ್ರದ ಅಕ್ಷರಗಳಲ್ಲಿ. ಮೂವತ್ತು ವರ್ಷ ಪಾಠ ಹೇಳಿದ ನಾನು ಕನ್ನಡಕದ ಮೇಲೆ ಭೂತಗನ್ನಡಿ ಹಿಡಿದು ಓದಬೇಕಾಯಿತು. ಏಳನೇ ತರಗತಿಯವರೆಗೆ ಕನ್ನಡ ಕಲಿತ ತಂಗಿ ಅದನ್ನು ಹೇಗೆ ಓದಬೇಕಿತ್ತು?

ಇಲ್ಲಿ ನಮ್ಮ ನೆಲದ ವಿಶೇಷ ಕಷ್ಟವನ್ನೂ ಹೇಳಬೇಕು. ನಮ್ಮ ಕಡೆಯ ಒಬ್ಬ ರೋಗಿಯ ತಜ್ಞ ವೈದ್ಯರು ಮಂಗಳೂರಿನಲ್ಲಿ, ಬಿಪಿ ಮತ್ತು ಸಕ್ಕರೆ ಕಾಯಿಲೆಯ ಗುಳಿಗೆ ಊರಿನ ಕುಟುಂಬಾರೋಗ್ಯ ಕೇಂದ್ರದಲ್ಲಿ, ಕಷಾಯ ಅರಿಷ್ಟ ಪಕ್ಕದ ಪೇಟೆಯ ಆಯುರ್ವೇದ ವೈದ್ಯರಲ್ಲಿ, ಪೂರಕದ ಡಬ್ಬಿ ನೆಂಟರ ಚೀಲದಲ್ಲಿ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ನೋಡುವ ಏರ್ಪಾಡೇ ಇಲ್ಲ. ಎರಡು ರಾಜ್ಯ, ಎರಡು ಆರೋಗ್ಯ ಇಲಾಖೆ, ಮಲಯಾಳದಲ್ಲಿ ಮುದ್ರಿತವಾದ ಸೂಚನೆ, ಇಂಗ್ಲಿಷಿನ ಚೀಟಿ; ಇವುಗಳ ನಡುವೆ ತುಳು, ಕನ್ನಡ, ಬ್ಯಾರಿ, ಮರಾಠಿ ಮಾತನಾಡುವ ರೋಗಿ. ಎಲ್ಲವೂ ಒಟ್ಟು ಸೇರುವುದು ರೋಗಿಯ ಹೊಟ್ಟೆಯಲ್ಲಿ ಮಾತ್ರ. ಅದಕ್ಕಾಗಿಯೇ ತಂಗಿಯ ಚೀಲದಲ್ಲಿ ಈಗ ನಾಲ್ಕಾಗಿ ಮಡಚಿದ ಒಂದು ಹಾಳೆ ಇರುತ್ತದೆ. ಅದರಲ್ಲಿ ಬಾಯಿಗೆ ಹೋಗುವ ಪ್ರತಿಯೊಂದರ ಹೆಸರು, ಎಷ್ಟು, ಯಾವಾಗಿನಿಂದ, ಯಾರು ಕೊಟ್ಟದ್ದು ಎಂದು ಬರೆದಿದ್ದೇವೆ. ಲೇಹ್ಯವೂ ಇದೆ, ಕೆಮ್ಮಿನ ಸಿರಪ್ಪೂ ಇದೆ.

ಡಬ್ಬಿ ಕೊಳ್ಳುವವರನ್ನು ನಾನು ಹಳಿಯುವುದಿಲ್ಲ. ಮನೋವೈದ್ಯರ ಬಾಗಿಲಲ್ಲಿ ಕಂಡರೆ ಮಗಳ ಸಂಬಂಧ ತಪ್ಪಿಹೋದೀತೆಂದು ಹೆದರುವ ತಾಯಂದಿರು ನಮ್ಮಲ್ಲಿದ್ದಾರೆ. ಅವರಿಗೆ ಯಾರಿಗೂ ಗೊತ್ತಾಗದಂತೆ ತರಿಸಬಹುದಾದ ಡಬ್ಬಿಯೇ ಆಸರೆಯಾಗಿ ಕಾಣುತ್ತದೆ. ಅಂಥವರಿಗೆ ತಿಳಿಸಬೇಕಾದದ್ದೇನೆಂದರೆ, ಕೇರಳದ ಕುಟುಂಬಾರೋಗ್ಯ ಕೇಂದ್ರಗಳಲ್ಲಿ ಖಿನ್ನತೆಗೆಂದೇ ‘ಆಶ್ವಾಸಂ’ ಕ್ಲಿನಿಕ್‌ಗಳ ವ್ಯವಸ್ಥೆಯಿದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯ 14416 ಸಂಖ್ಯೆಗೆ ಹಗಲು ರಾತ್ರಿಯೆನ್ನದೆ ಉಚಿತವಾಗಿ ಕರೆ ಮಾಡಬಹುದು. ಕನ್ನಡದಲ್ಲಿ ಮಾತನಾಡುವವರು ಅಲ್ಲಿ ಸಿಗುತ್ತಾರೆ. ಬದುಕೇ ಬೇಡವೆನಿಸುವಷ್ಟು ನೋವಿದ್ದಾಗ ಯಾವ ಪೂರಕವೂ ಉತ್ತರವಲ್ಲ, ಆ ಕ್ಷಣವೇ ಕರೆ ಮಾಡಬೇಕು. ಯಾವುದೇ ಗುಳಿಗೆಯಿಂದ, ಮೂಲಿಕೆಯಿಂದ ತೊಂದರೆಯಾದರೆ 1800 180 3024 ಎಂಬ ಉಚಿತ ಸಂಖ್ಯೆಗೆ ವರದಿ ಮಾಡಿದರೆ, ಅದು ಮುಂದೆ ಇನ್ನೊಬ್ಬರ ಪಾಲಿನ ಎಚ್ಚರಿಕೆಯಾಗುತ್ತದೆ.

ಜಿಲ್ಲೆಯ ಆರೋಗ್ಯಾಧಿಕಾರಿಗಳಲ್ಲಿ ನನ್ನ ಬೇಡಿಕೆ ದೊಡ್ಡದೇನಲ್ಲ. ಕನ್ನಡ ಭಾಷಾ ಅಲ್ಪಸಂಖ್ಯಾತರು ಸರಕಾರದೊಡನೆ ತಮ್ಮ ಭಾಷೆಯಲ್ಲಿ ವ್ಯವಹರಿಸುವ ಹಕ್ಕನ್ನು ಕೇರಳದ 1969ರ ಅಧಿಕೃತ ಭಾಷಾ ಕಾಯಿದೆಯೇ ಒಪ್ಪಿಕೊಂಡಿದೆ. ಮಂಜೇಶ್ವರ ಮತ್ತು ಕಾಸರಗೋಡು ತಾಲೂಕುಗಳ ಆರೋಗ್ಯ ಕೇಂದ್ರಗಳ ಚೀಟಿ ಕೊಡುವ ಕಿಟಕಿಯ ಬಳಿ, ಉಕ್ಕಿನಡ್ಕದ ವೈದ್ಯಕೀಯ ಕಾಲೇಜಿನಲ್ಲಿ, ಪೂರಕಗಳ ವಿಷಯವನ್ನೂ ವೈದ್ಯರಿಗೆ ತಿಳಿಸಿ ಎನ್ನುವ ಒಂದು ಕನ್ನಡ ಫಲಕ ಬರಲಿ. ಮನೆಮನೆಗೆ ಹೋಗುವ ಆಶಾ ಕಾರ್ಯಕರ್ತೆಯರು ಕೇಳುವ ಪ್ರಶ್ನೆಗಳಿಗೆ ಒಂದು ಪ್ರಶ್ನೆ ಸೇರಲಿ. ‘ಬೇರೆ ಮದ್ದು ಉಂಟಾ’ ಎಂದು ಕೇಳಿದರೆ ಜನ ಪ್ರಾಮಾಣಿಕವಾಗಿ ಇಲ್ಲವೆನ್ನುತ್ತಾರೆ. ‘ಮದ್ದಲ್ಲದೆ ಬೇರೆ ಏನು ತಿನ್ನುತ್ತೀರಿ’ ಎಂದು ಕೇಳಿದರೆ ಮಾತ್ರ ಫ್ರಿಜ್ಜಿನ ಮೇಲಿನ ಡಬ್ಬಿ ನೆನಪಾಗುತ್ತದೆ.

ಮೆಡಿಕಲ್ ಅಂಗಡಿಯವರು ಇದಕ್ಕೆ ಆದೇಶ ಬರಲೆಂದು ಕಾಯಬೇಕಾಗಿಲ್ಲ. ನಮ್ಮ ಪೇಟೆಯ ಒಬ್ಬರಿಗೆ ಹೋದ ತಿಂಗಳು ನಾನೇ ದಪ್ಪ ಅಕ್ಷರಗಳಲ್ಲಿ ಬರೆದುಕೊಟ್ಟ ಹಾಳೆಯನ್ನು ಅವರು ಕೌಂಟರಿನ ಗಾಜಿಗೆ ಅಂಟಿಸಿದ್ದಾರೆ: ‘ಪುಡಿ, ಕಷಾಯ, ವಿಟಮಿನ್, ನಿದ್ದೆಗೆ ಅಥವಾ ಮನಸ್ಸಿಗೆಂದು ತಿನ್ನುವ ಗುಳಿಗೆ ಯಾವುದಾದರೂ ಇದ್ದರೆ ದಯವಿಟ್ಟು ಮೊದಲೇ ಹೇಳಿ.’ ಬೇರೆ ಅಂಗಡಿಯವರು ಕೇಳಿದರೆ ಅವರಿಗೂ ಬರೆದುಕೊಡುತ್ತೇನೆ.

ಇತಿ,
ನಿವೃತ್ತ ಅಧ್ಯಾಪಿಕೆ,
ಬದಿಯಡ್ಕ, ಕಾಸರಗೋಡು ಜಿಲ್ಲೆ